ಹನ್ನೆರಡು ನಿಮಿಷದ ಕೆರೆ

ನವನಗರದ ಆಸ್ಪತ್ರೆ, ಮೂರನೇ ಮಹಡಿ, ಸೆಮಿನಾರ್ ಕೋಣೆ.
ಹರಿದ ರೆಕ್ಸಿನ್ನಿನ ಕುರ್ಚಿ.
ನನ್ನ ಡ್ಯೂಟಿಗೆ ಇದು ಮೂವತ್ತೊಂದನೆಯ ತಾಸು.
ದಸ್ತಗೀರಣ್ಣ ಸ್ಪಿರಿಟ್ ಹತ್ತಿಯಿಂದ ಕಪ್ಪು ಡಬ್ಬಿ ಒರೆಸುತ್ತಾನೆ,
ಹಿಂದಿನವನ ಹಣೆಯ ಬೆವರು ಇನ್ನೂ ಆರಿಲ್ಲ.

ಪಟ್ಟಿ ಬಿಗಿದಾಗ ನೆನಪಾದದ್ದು
ಅಜ್ಜನ ಗಾಣದ ಎತ್ತು.
ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದರು ಅದಕ್ಕೆ,
ಸುತ್ತುತ್ತಿರುವುದು ಗೊತ್ತಾಗಬಾರದೆಂದು.
ನೆಟ್ಟಗೆ ಎಲ್ಲಿಗೋ ಹೊರಟಿದ್ದೇನೆ ಅಂದುಕೊಂಡೇ
ಕುಸುಬಿ ಅರೆಯುತ್ತಿತ್ತು, ಪಾಪ.

ಆಮೇಲೆ ಕೆರೆ.
ಒಮ್ಮೆಗೇ, ಸುತ್ತಲೂ.
ಯಾವ ದೇಶದ್ದೋ, ಸೊಳ್ಳೆಯಿಲ್ಲದ್ದು,
ದಂಡೆಯಲ್ಲಿ ಒಂದು ಗುಟ್ಕಾ ಚೀಟಿಯೂ ಇಲ್ಲದ್ದು.
ಹೊರಳಿದರೆ ಗುಡ್ಡ, ತಲೆ ಎತ್ತಿದರೆ ಮೋಡ,
ಬಗ್ಗಿ ನೋಡಿದರೆ ನನಗೆ ಕಾಲೇ ಇಲ್ಲ.

ಹೆಣ್ಣು ದನಿಯೊಂದು, ಇಸ್ತ್ರಿ ಹಾಕಿದ ಕನ್ನಡ:
"ಈಗ ನಿಮ್ಮ ಉಸಿರನ್ನು ಗಮನಿಸಿ.
ನಾಲ್ಕು ಎಣಿಸುತ್ತ ಒಳಗೆ, ನಾಲ್ಕು ಎಣಿಸುತ್ತ ಹೊರಗೆ."

ಎಣಿಸುವುದನ್ನು ನನಗೆ ಕಲಿಸಬೇಕಿಲ್ಲ, ತಂಗಿ.
ನಿನ್ನೆ ರಾತ್ರಿ ಎರಡೂವರೆಯಿಂದ,
ವೆಂಟಿಲೇಟರ್ ಒಂದೂ ಖಾಲಿಯಿಲ್ಲದ ವಾರ್ಡಿನಲ್ಲಿ,
ಕಬ್ಬು ಕಡಿಯುವ ಗ್ಯಾಂಗಿನ ಹುಡುಗ, ಹದಿನಾರೋ ಹದಿನೇಳೋ,
ಮಲಗಿದಲ್ಲೇ ಹಾವು ಕಡಿದಿತ್ತು.
ವಿಷಕ್ಕೆ ರೆಪ್ಪೆ ಬಿದ್ದುಹೋಗಿದ್ದವು, ಎದೆ ಏಳುತ್ತಿರಲಿಲ್ಲ.
ಕಿವಿ ಮಾತ್ರ ಕೇಳುತ್ತಿರುತ್ತದೆ ಅಂತ ಪುಸ್ತಕದಲ್ಲಿದೆ.
ಅಂಬು ಬ್ಯಾಗು ಹಿಚುಕುತ್ತ, ಬಿಡುತ್ತ,
ಅವನ ಕಿವಿಗೆ ನಾನೂ ಹೀಗೇ ಅಂದಿದ್ದೆ:
ಒಳಗ ತಗೋ. ಹೊರಗ ಬಿಡು. ಅಂಜಬ್ಯಾಡ, ನಾ ಅದೀನಿ.
ಬಲಗೈ ಸತ್ತಾಗ ಎಡಗೈ.
ಸಾವಿರದ ಒಂಬೈನೂರರ ತನಕ ಎಣಿಸಿದ ನೆನಪು.

ಐದೂ ಹತ್ತಕ್ಕೆ ಏಳನೇ ಹಾಸಿಗೆಯ ಮುದುಕ ತೀರಿಕೊಂಡ.
ಯಂತ್ರ ಖಾಲಿಯಾಯಿತು.
ಸದ್ಯ, ಅಂದೆ ನಾನು.
ಬಾಯಿ ಬಿಟ್ಟೇ ಅಂದೆ.
ಅವನ ಮಗಳು ಅಲ್ಲೇ ನಿಂತಿದ್ದಳು, ಚಾದರ ಮಡಚುತ್ತ.

"ಭುಜಗಳನ್ನು ಸಡಿಲಗೊಳಿಸಿ," ಅನ್ನುತ್ತದೆ ದನಿ.
ಕುರ್ಚಿಯ ಕೈ ನನ್ನ ಮುಷ್ಟಿಯಲ್ಲಿದೆ,
ಹಿಚುಕುತ್ತಿದ್ದೇನೆ, ಬಿಡುತ್ತಿದ್ದೇನೆ,
ಹರಿದಲ್ಲಿಂದ ಸ್ಪಂಜು ಹೊರಬಂದಿದೆ.
ಕೆರೆಯ ಮೇಲೆ ಒಂದು ಬೆಳ್ಳಕ್ಕಿ
ಹಾರಿಹೋದ ದಾರಿಯಲ್ಲೇ ಮತ್ತೆ ಹಾರಿ ಬಂತು,
ಮತ್ತೆ ಬಂತು.
ಆಮೇಲೆ ಅತ್ತೆನೋ, ನಿದ್ದೆ ಹೋದೆನೋ.

ಕಳಚಿದಾಗ ಬೆಳಕು ಚುಚ್ಚಿತು.
ದಸ್ತಗೀರಣ್ಣ ಒಂದು ಹಾಳೆ ಕೊಟ್ಟ:
ಒಂದರಿಂದ ಹತ್ತರೊಳಗೆ ನಿಮ್ಮ ದಣಿವು ಎಷ್ಟು,
ಮೊದಲು ಎಷ್ಟು, ಈಗ ಎಷ್ಟು.
ಮೊದಲಿನದಕ್ಕೆ ಒಂಬತ್ತು ಬರೆದೆ.
"ನಾನೂ ಒಂದ್ಸಲ ನೋಡ್ಲೇನ್ರೀ ಡಾಕ್ಟರವ್ವಾ?"

ಪಟ್ಟಿ ನಾನೇ ಬಿಗಿದೆ, ಅವನ ಟೋಪಿ ತೆಗೆದು ಮಡಿಲಲ್ಲಿಟ್ಟು.
ಬಾಯಿ ತೆರೆದ. ಕೈ ಮುಂದೆ ಚಾಚಿದ.
ಗುಡ್ಡ ನೋಡಲಿಲ್ಲ, ಮೋಡ ನೋಡಲಿಲ್ಲ,
ಕುರ್ಚಿಯಿಂದ ಬೀಳುವಷ್ಟು ಬಗ್ಗಿ
ನೀರಿನೊಳಗೇ ಇಣುಕತೊಡಗಿದ.
"ಏನ್ ಹುಡಕಾಕತ್ತೀಯೋ ಯಣ್ಣಾ?"
"ಏನಿಲ್ರೀ. ಹಳೇ ಊರಾಗಿನ ನಮ್ಮನಿ
ಹಿನ್ನೀರಿನ್ಯಾಗ ಮುಳಗೈತೆಲ್ರೀ.
ನೀರು ಇಷ್ಟು ತಿಳಿ ಇದ್ದರ
ಕಟ್ಟಿ, ಒಲಿ ಕಾಣಬೇಕಲ್ಲ ಅಂತ."

ನಕ್ಕೆ. ಎಷ್ಟು ದಿನದ ಮೇಲೋ.
ನಗು ಮುಗಿಯುವ ಮೊದಲೇ ವಾರ್ಡಿನಿಂದ ಫೋನು,
ಹದಿನಾಲ್ಕನೇ ಹಾಸಿಗೆಯ ಸಲೈನು ಕಿತ್ತಿದೆಯಂತೆ.
ಹಾಳೆಯ 'ಈಗ' ಖಾಲಿ ಉಳಿಯಿತು.

ದಾರಿಯಲ್ಲಿ ಹುಡುಗನ ಹತ್ತಿರ ನಿಂತೆ.
ರೆಪ್ಪೆ ಇನ್ನೂ ಬಿದ್ದೇ ಇವೆ.
ಅವನ ಉಸಿರನ್ನು ಈಗ ಯಂತ್ರ ಎಣಿಸುತ್ತಿದೆ.
ಕೈಗೆ ಕೆಲಸವಿಲ್ಲ.
ಅದರ ಲೆಕ್ಕಕ್ಕೆ ನನ್ನದನ್ನೂ ಕೂಡಿಸಿ
ಸುಮ್ಮನೆ ನಿಂತೆ, ಹಣೆಯ ಮೇಲೆ ಪಟ್ಟಿಯ ಗೆರೆ ಹೊತ್ತು,
ಒಂದು, ಎರಡು, ಮೂರು,
ಹದಿನಾಲ್ಕರವರು ಕೂಗುವ ತನಕ.