ಒಂಬತ್ತನೇ ಬಿ, ಮೂರನೇ ಪಿರಿಯಡ್, ಸೋಹಾರ್

ಪಿರಮಿಡ್ ಅಂದೆ. ಮೊದಲು ಬೋರ್ಡಿನ ಮೇಲೆ
ಪುಸ್ತಕದ್ದನ್ನೇ ಬರೆದೆ: ಅಡಿಯಲ್ಲಿ ಮಕ್ಕಳ ಅಗಲ,
ಮೇಲೇರಿದಂತೆ ಸಾವು ಸವರಿ ಸವರಿ ಚೂಪು,
ಎಡಕ್ಕೆ ಗಂಡು, ಬಲಕ್ಕೆ ಹೆಣ್ಣು,
ತುದಿಯಲ್ಲಿ ಎಂಬತ್ತು ದಾಟಿದ ನಾಲ್ಕು ಅಜ್ಜಿಯರು.

ಆಮೇಲೆ ಈ ಊರಿಗೆ ಬಂದವರದು.
ನೀಲಿ ಚಾಕ್ ಸವೆದದ್ದೆಲ್ಲ ಎಡಕ್ಕೇ.
ಇಪ್ಪತ್ತೈದು, ಮೂವತ್ತು, ನಲವತ್ತು,
ಒಂದೇ ಹೆಗಲಿಗೆ ಸಿಮೆಂಟು ಮೂಟೆ ಹೊತ್ತವನ ಹಾಗೆ
ಉಬ್ಬಿ, ವಾಲಿ,
ಅರವತ್ತಕ್ಕೆ ಬಂದಾಗ ಕತ್ತರಿ ಹಾಕಿದಂತೆ ಖಾಲಿ.

"ಟೀಚರ್, ಇಲ್ಲಿ ಎಲ್ಲರೂ ಒಟ್ಟಿಗೇ ಸತ್ತರಾ?"
ಕೊನೇ ಬೆಂಚಿನ ಜೆಬಿನ್. ಕ್ಲಾಸು ನಕ್ಕಿತು, ನಾನೂ.
ಸತ್ತಿಲ್ಲ ಕಣೋ, ವೀಸಾ ಮುಗಿದದ್ದು.
ಜನನ, ಮರಣ, ವಲಸೆ:
ಲೆಕ್ಕದ ಮನೆಗೆ ಮೂರೇ ಬಾಗಿಲು,
ಇಲ್ಲಿ ಕ್ಯೂ ಇರುವುದು ಮೂರನೆಯದಕ್ಕೆ.

ಸಾಂದ್ರತೆ, ಅಂದೆ.
ಒಂದು ಚದರ ಕಿಲೋಮೀಟರಿಗೆ ಎಷ್ಟು ಮಂದಿ.
ಬರೆದುಕೊಂಡರು. ನಾನು ಹೇಳದೆ ಬಿಟ್ಟದ್ದು
ಬಂದರಿನ ಹಿಂದಿನ ಕ್ಯಾಂಪಿನಲ್ಲಿ
ಒಂದು ಮಂಚಕ್ಕೆ ಎಷ್ಟು ಮಂದಿ ಎಂಬುದು.
ರಾತ್ರಿ ಪಾಳಿಯವನು ಎದ್ದು ಹೋದ ಬಿಸಿಯಲ್ಲೇ
ಹಗಲು ಪಾಳಿಯವನು ಬಂದು ಬೀಳುವ ದಿಂಬು.
ಅವರಿಬ್ಬರು ಮುಖ ನೋಡಿಕೊಳ್ಳುವುದು
ಈದ್ ರಜೆಯಲ್ಲಿ ಮಾತ್ರವಂತೆ.

ಅವಲಂಬನೆಯ ಅನುಪಾತ:
ಉಣ್ಣುವವರನ್ನು ದುಡಿಯುವವರಿಂದ ಭಾಗಿಸಿ.
ಇಲ್ಲಿ ಬಹಳ ಕಡಿಮೆ, ಉತ್ತಮ ಸ್ಥಿತಿ, ಎನ್ನುತ್ತದೆ ಪಾಠ.
ಉಣ್ಣುವವರೆಲ್ಲ ಕಡಲಾಚೆ ತಟ್ಟೆ ಹಾಕಿಕೊಂಡು ಕೂತಿದ್ದಾರೆ,
ಭಾಗಾಕಾರದ ಗೆರೆ ಅಷ್ಟು ಉದ್ದ ಇಲ್ಲ.

ಹೋಂವರ್ಕ್, ನಿಮ್ಮ ಮನೆಯ ಗಣತಿ.
ಅಫ್ರಾ ತುಂಬಿ ತಂದಳು, ದುಂಡು ಅಕ್ಷರ.
ಹುಟ್ಟಿದ ಸ್ಥಳ: ಸೋಹಾರ್.
ವರ್ಗ: ವಲಸಿಗರು.
ಎಲ್ಲಿಂದ ಬಂದಿರಿ?
ಉಮ್ಮನ ಹೊಟ್ಟೆಯಿಂದ.
ಕೆಂಪು ಪೆನ್ನು ಎತ್ತಿದೆ,
ಮುಚ್ಚಳ ಹಾಕಿ ಇಟ್ಟೆ.

ಮಧ್ಯಾಹ್ನ ಏಳನೇ ನಂಬರಿನ ಬಸ್ಸು.
ಹೊನ್ನಾವರದ ಗಣಪು ಮೇಸ್ತರು,
ಮೂವತ್ತೊಂದು ವರ್ಷದ ಸ್ಟೇರಿಂಗು,
ಗುರುವಾರ ಕೊನೆಯ ಟ್ರಿಪ್.
ಟಿಕೆಟ್ ಆಗಿದೆ, ಹಲ್ವಾ ಡಬ್ಬಿಗಳೂ ಕಟ್ಟಿವೆ.
ಬಸ್ಸು ಬಿಡುವ ಮುಂಚೆ
ಒಂದೊಂದು ತಲೆ ಮುಟ್ಟಿ ಎಣಿಸುವುದು ಅವರ ರೂಢಿ;
ಎಣ್ಣೆ ಹಚ್ಚಿದ ತಲೆ, ಸ್ಕಾರ್ಫಿನ ತಲೆ,
ಜ್ವರ ಬಂದಿದ್ದರೆ ಅಂಗೈಗೆ ತಿಳಿಯುತ್ತದೆ.

"ನಿಮ್ಮನ್ನೂ ಸೇರಿಸಿ ನಲವತ್ಮೂರು" ಅಂದರು.
ನಲವತ್ನಾಲ್ಕು, ಅಂದೆ.
ಹುಬ್ಬು ಗಂಟಿಕ್ಕಿ,
ಹಿಂದಿನ ಸೀಟಿನಿಂದ ಮತ್ತೆ ಎಣಿಸಲು ಹೋದರು.