ಓಣಿಯ ಧೂಳು

ಶಹಾಪುರದ ಅಕ್ಕಸಾಲಿಗರ ಓಣಿ.
ಬಾಗಿಲು ಇನ್ನೂ ತೆರೆದಿಲ್ಲ.
ಅಮ್ಮಿ ಮೆಟ್ಟಿಲ ಕೆಳಗೆ ಗುಡಿಸಿ
ಗಟಾರದ ಕೆಸರು ಬಳಿದು
ಬೋಗುಣಿಯಲ್ಲಿ ಕುಲುಕುತ್ತಾಳೆ.

‘ಹಗುರ ಇದ್ದದ್ದು ಹೋಗ್ಲಿ’ ಅಂತ ಚೆಲ್ಲಿದ ನೀರಿಗೆ
ಕೂದಲು, ಇದ್ದಿಲು, ಬೀಡಿಯ ಬೂದಿ.
ಅರದ ಪುಡಿಗೆ ಹಳೇ ಸ್ಪೀಕರಿನ ಅಯಸ್ಕಾಂತ.
ಉಳಿದದ್ದಕ್ಕೆ ಪಾದರಸ:
ಮಣ್ಣು ಮೂಸಿಯೂ ನೋಡದೆ
ಬಂಗಾರಕ್ಕೇ ಅಂಟಿಕೊಳ್ಳುತ್ತದೆ.

ಹುದ್ದಾರ ಸರ್ ಕೇಳಿದರು, ಮಿಶ್ರಣಕ್ಕೆ ಉದಾಹರಣೆ?
ಮುಂದಿನ ಬೆಂಚು ಉಪ್ಪು-ಮರಳು ಅಂದಿತು.
ನಾನು, ನಮ್ಮ ಓಣಿ.
ಎಲ್ಲ ನಕ್ಕರು. ಸರ್ ನಗಲಿಲ್ಲ,
ಮುಂದಕ್ಕೂ ಕೇಳಲಿಲ್ಲ.

ಪಾದರಸ ಕಾಸುವ ರಾತ್ರಿ
ನನ್ನನ್ನು ಹೊರಗೆ ಹಾಕಿ ಕದ ಮುಚ್ಚುತ್ತಾಳೆ.
ಕಿಂಡಿಯಿಂದ ಕಂಡಿದ್ದೇನೆ:
ಸೆರಗನ್ನು ಮೂಗಿಗೊತ್ತಿ
ಉಸಿರು ಸೋಸಿಕೊಳ್ಳುತ್ತಾಳೆ.

ಬೆಳಗ್ಗೆ ಕಾಗದದ ಮೇಲೆ ಸಾಸಿವೆಯಷ್ಟು ಹಳದಿ.
ನನಗೆ ತೋರಿಸಲು ಎತ್ತುವಾಗ
ಬೆರಳು ನಡುಗಿ ಉರುಳುತ್ತದೆ.
ಇಬ್ಬರೂ ಕೂತು
ಮತ್ತೆ ನೆಲ ಗುಡಿಸುತ್ತೇವೆ.