ಮಾರು

ಮಸ್ಕತ್ತಿನ ಮತ್ರಾ, ಬಂದರಿನ ಹಿಂದಿನ ಗಲ್ಲಿ.
ಮೆಂಡನ್ ಬ್ರದರ್ಸ್: ಬಲೆ, ಹಗ್ಗ, ಲಂಗರು, ಬೋಟಿನ ಬಣ್ಣ.
ಬೋರ್ಡಿನಲ್ಲಿ ಅರ್ಬಾಬ್ ಸಾಲಿಮರ ಹೆಸರು ದೊಡ್ಡದು,
ಕೆಳಗೆ ಇವರದು, ಬಿಸಿಲಿಗೆ ಅರ್ಧ ಮಾಸಿದ್ದು.

ನಾನು ಮನೆಯವನಲ್ಲ. ಲೆಕ್ಕ ಬರೆಯುವವ.
ಇಪ್ಪತ್ತೊಂಬತ್ತು ವರ್ಷ
ನೈಲಾನ್ ಸುರುಳಿಗಳ ನಡುವೆ ಒಂದು ಮೇಜು,
ಒಂದು ಚಾದ ಕೆಟಲು.

ಒಂದರಿಂದ ನಾಲ್ಕು ಷಟರ್ ಇಳಿದಿರುತ್ತದೆ.
ಊರೇ ಮಲಗುವ ಹೊತ್ತು.
ಆಗ ಬರುತ್ತಾರೆ, ಒಬ್ಬೊಬ್ಬರೇ, ಹಿಂಬಾಗಿಲಿಂದ:
"ಶೇರಿಗಾರ್ರೇ, ಇದು ನಿಮ್ಮ ಹೊಟ್ಟೆಯಲ್ಲೇ ಇರಲಿ."

ಶೀನಣ್ಣನಿಗೆ ಮಗ ಗಲ್ಲಾದಲ್ಲಿ ಕೂರಬೇಕು.
ಮಗನಿಗೆ ಗಲ್ಲಾ ಬೇಡ, ಪಶ್ಚಾತ್ತಾಪವೂ ಬೇಡ;
ಸುಹಾರಿನಲ್ಲಿ ಕೆಲಸ ಸಿಕ್ಕಿದೆ, ಅಪ್ಪನಿಗೆ ಹೇಳುವುದು ಹೇಗೆಂದು
ವರ್ಷದಿಂದ ನನ್ನನ್ನೇ ಕೇಳುತ್ತಾನೆ.
ತಮ್ಮ ಜಯಕರನಿಗೆ ಪಾಲು ರೊಕ್ಕದಲ್ಲಿ ಬೇಕು;
ಎದೆಗೆ ಸ್ಟೆಂಟ್ ಹಾಕಿಸಿದ್ದು ಅಣ್ಣನಿಗೆ ತಿಳಿಯಬಾರದು.
ವಾರಿಜಮ್ಮ ಫೋನಿನಲ್ಲಿ, ಪಿಸುದನಿ:
"ಇವರು ನಿದ್ದೆಯಲ್ಲೂ ಸ್ಟಾಕ್ ಎಣಿಸುತ್ತಾರೆ."

ಅಳಿಯ ಯತೀಶ ಏನೂ ಕೇಳುವುದಿಲ್ಲ.
ಸುಮ್ಮನೆ ಕೂತು, ಹಗ್ಗದ ತುದಿಯನ್ನು ಲೈಟರಿನಲ್ಲಿ ಕರಗಿಸುತ್ತಾನೆ
ಎಳೆ ಬಿಚ್ಚದ ಹಾಗೆ.
ಒಮ್ಮೆ ಮಾತ್ರ ಅಂದ:
"ನಮ್ಮದು ಅಳಿಯಕಟ್ಟಲ್ಲವಾ? ಅದು ಕಡಲು ದಾಟುವುದಿಲ್ಲವಾ?"

ಹೂಂ ಅನ್ನುತ್ತೇನೆ. ಚಾ ಬಗ್ಗಿಸುತ್ತೇನೆ.
ಒಬ್ಬರದ್ದನ್ನು ಇನ್ನೊಬ್ಬರ ಖಾತೆಗೆ ಹಾಕುವುದಿಲ್ಲ.
ಅಷ್ಟೇ ನನ್ನ ಆಸರೆ.

ದುಬೈಯಿಂದ ಸಲಹೆಗಾರನೊಬ್ಬ ಬಂದ, ಗಂಟೆಗಿಷ್ಟೆಂದು.
ಬಿಳಿ ಹಲಗೆಯಲ್ಲಿ ಮೂರು ವೃತ್ತ,
ಒಂದರ ಮೇಲೊಂದು ಹತ್ತಿದಂತೆ: ಮನೆ, ಒಡೆತನ, ಕೆಲಸ.
"ನೀವೆಲ್ಲಿದ್ದೀರಿ, ಗುರುತು ಹಾಕಿ."
ಶೀನಣ್ಣ ನಟ್ಟನಡುವೆ. ಜಯಕರ ಅದಕ್ಕೆ ತಾಗಿಸಿ.
ಮಗ ಗೆರೆಯ ಮೇಲೆ.
ಯತೀಶನದು ಸಣ್ಣ ಚುಕ್ಕೆ,
ಬೇಕಾದರೆ ಉಜ್ಜಿಬಿಡಿ ಎಂಬಂತೆ.
ಅರ್ಬಾಬ್ ಖರ್ಜೂರ ತಿಂದು, ಬೀಜವನ್ನು ತಟ್ಟೆಯಂಚಿಗಿಟ್ಟು ನಕ್ಕರು.
ಬಲೆ ಹೊಲಿಯುವ ಚಿತ್ತಗಾಂಗಿನ ಶಫೀಕುಲ್‌ನನ್ನು ಯಾರೂ ಕರೆದಿರಲಿಲ್ಲ.
ನನ್ನನ್ನು ಕರೆದದ್ದು ಫೈಲು ತರಲು.

ಹೆಜಮಾಡಿಯಿಂದ ಬಂದು ಕೂತಿದ್ದ ಲಚ್ಚಿಯಕ್ಕ,
ಇಬ್ಬರಿಗೂ ಅಕ್ಕ, ಯತೀಶನ ತಾಯಿ, ಕೇಳಿದರು:
"ಇದರಲ್ಲಿ ನಾನೆಲ್ಲಿ ಕೂರಲಿ ಮಗಾ?"

ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಗಾದೆ ಲೆಕ್ಕದವನಿಗೇ ಚುಚ್ಚಿತು.

ಕಪಾಟಿನಿಂದ ಮೊದಲ ಪುಸ್ತಕ ತೆಗೆದೆ,
ನಾನು ಬರುವ ಮೊದಲಿನದು, ಉಪ್ಪುಗಾಳಿ ತಿಂದ ಅಂಚು.
ಮೊದಲ ಸಾಲು, ಶೀನಣ್ಣನದೇ ಅಕ್ಷರ:
ಅಕ್ಕನ ಬಳೆ, ಆರು. ಜಮಾ.
ಮರಳಿ ಕೊಟ್ಟ ಸಾಲು ಎಲ್ಲಿಯೂ ಇಲ್ಲ.
ಇಷ್ಟು ವರ್ಷ ಅದನ್ನು ನೋಡಿಯೂ
ಪುಟ ತಿರುವಿದವನು ನಾನೇ.

ಓದಿದೆ. ಏಸಿ ಗುಂಯ್ ಅನ್ನುತ್ತಿತ್ತು.

"ಯತೀಶನಿಗೆ ವೀಸಾ ಮಾಡಿಸಿದ್ದು?" ಶೀನಣ್ಣ ಮೆಲ್ಲಗೆ ಅಂದ.
"ವೀಸಾ ವೀಸಾವೇ," ಅಂದರು ಅಕ್ಕ, "ಬಳೆ ಬಳೆಯೇ."
ಆಮೇಲೆ ನಕ್ಕರೋ ಏನೋ,
ನಾನು ಮುಖ ತಿರುಗಿಸಿದ್ದೆ.

"ಹಾಗಾದರೆ ಮಾರುವುದಾ, ಇಟ್ಟುಕೊಳ್ಳುವುದಾ?" ಸಲಹೆಗಾರನ ಗಡಿಬಿಡಿ.
ನಾಲ್ಕು ಹೊಡೆಯಿತು. ಷಟರ್ ಎದ್ದಿತು.
ಕುರಿಯಾತಿನ ಬೆಸ್ತನೊಬ್ಬ ಮೂವತ್ತು ಮಾರು ಹಗ್ಗ ಕೇಳಿದ.
ನಮ್ಮ ಮಾರು ಅವರಿಗೆ ಬಾ.
ಎರಡು ಭಾಷೆಯಲ್ಲೂ ಅದೇ ಸದ್ದಿಗೆ
ತೋಳಿನಳತೆ ಒಂದರ್ಥ, ಮಾರಾಟ ಇನ್ನೊಂದು.

ಯಾರ ಮಾರು ಎಂಬುದೇ ಇಲ್ಲಿ ಹಳೆಯ ಜಗಳ:
ಶೀನಣ್ಣನ ತೋಳು ಉದ್ದ, ಗಿರಾಕಿಗೆ ಲಾಭ;
ಜಯಕರನದು ಗಿಡ್ಡ, ಅಂಗಡಿಗೆ.
ಮೂವರು ಒಟ್ಟಿಗೇ ಎದ್ದರು.

ಹೊರಗೆ ಶಫೀಕುಲ್ ಆಗಲೇ ಎದೆಯಗಲಿಸಿ ಅಳೆಯುತ್ತಿದ್ದ,
ಏಳು, ಎಂಟು.
ಲಚ್ಚಿಯಕ್ಕ ಹೋಗಿ ಇನ್ನೊಂದು ತುದಿ ಹಿಡಿದರು,
ಗಟ್ಟಿ ಎಳೆ ಮಾರಾಯಾ, ಎಂದು ಗದರಿದರು ತುಳುವಿನಲ್ಲಿ.
ಅವನು ಎಳೆದ.